ಕಾಫಿ ತೋಟದ ಮನೆಯಲ್ಲಿ ಒಂದು ಟೆರಿಯರ್ ಮರಿ

ಕೊಡಗಿನಲ್ಲಿ ತೋಟದ ಮನೆಯ ನಾಯಿ ಎಂದರೆ ಕಾವಲು ನಾಯಿ. ರಾತ್ರಿ ಗೇಟಿನ ಹತ್ತಿರ ಸದ್ದಾದರೆ ಬೊಗಳಬೇಕು, ಕಾಡುಹಂದಿ ಬಂದರೆ ಅಟ್ಟಬೇಕು, ಕಾಳುಮೆಣಸು ಒಣಗುವ ದಿನಗಳಲ್ಲಿ ಕಣ ಕಾಯಬೇಕು. ಸುಂಟಿಕೊಪ್ಪದ ಒಳಗಿನ ನಮ್ಮ ಮನೆಯಲ್ಲೂ ಮೊದಲಿದ್ದವೆಲ್ಲ ಅಂಥ ದೊಡ್ಡ ನಾಯಿಗಳೇ. ಹಾಗಾಗಿ ಜಾಕ್ ರಸೆಲ್ ಟೆರಿಯರ್ ತರುವ ಮಾತು ಬಂದಾಗ ಅತ್ತೆಗೆ ಅದರ ಅಳತೆ ಕೇಳಿಯೇ ಸಮಾಧಾನವಾಗಲಿಲ್ಲ. ಪೂರ್ತಿ ಬೆಳೆದ ಮೇಲೂ ಭುಜದ ಎತ್ತರ 25ರಿಂದ 30 ಸೆಂಟಿಮೀಟರ್, ತೂಕ ಐದಾರು ಕಿಲೋ. “ಹಂದಿಯ ಮಾತು ಬಿಡಿ, ಹೆಗ್ಗಣಕ್ಕೆ ಹೆದರದಿದ್ದರೆ ಸಾಕು” ಎಂದರು. ಹೆಗ್ಗಣಕ್ಕೆ ಹೆದರದಿರುವುದು ಈ ತಳಿಯ ಹುಟ್ಟುಗುಣ.

ಮರಿ ತರುವ ಮೊದಲೇ ತಳಿಯ ಹಿನ್ನೆಲೆ ಓದಿಕೊಂಡದ್ದು ನಮಗೆ ಬಹಳ ಉಪಯೋಗಕ್ಕೆ ಬಂತು. ಮುಂದೆ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಪಾದ್ರಿಯಾದ ಜಾನ್ ರಸೆಲ್, 1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಬಿಳಿಯ ಹೆಣ್ಣು ಟೆರಿಯರನ್ನು ಕೊಂಡರು. ಮಡಿಕೇರಿಯಲ್ಲಿ ಲಿಂಗರಾಜೇಂದ್ರ ಆಳುತ್ತಿದ್ದ ಕಾಲ ಅದು. ನರಿಯ ಬಿಲಕ್ಕೆ ನುಗ್ಗುವಷ್ಟು ಸಣ್ಣ ಮೈ, ಕುದುರೆಗಳ ಹಿಂದೆ ದಿನವಿಡೀ ಓಡುವಷ್ಟು ಉದ್ದ ಕಾಲು, ಬಿಲದ ಒಳಗಿದ್ದುಕೊಂಡು ಬೊಗಳುತ್ತಲೇ ಇರುವ ಗಂಟಲು, ಇವೆಲ್ಲ ಅವರಿಗೆ ಬೇಕಿದ್ದವು. ಮೇಲಿದ್ದವರಿಗೆ ನರಿ ಎಲ್ಲಿದೆ ಎಂದು ತಿಳಿಯುತ್ತಿದ್ದದ್ದೇ ಆ ಬೊಗಳಿನಿಂದ. ನೆಲ ಅಗೆಯುವುದು, ಬೊಗಳುವುದು, ಓಡುವುದನ್ನು ಅಟ್ಟುವುದು, ಈ ಮೂರನ್ನೂ ಮನುಷ್ಯನೇ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದಾನೆ. ಮನೆಗೆ ತಂದ ಮೇಲೆ ಅದೇ ಮೂರಕ್ಕೆ ಬೈಯುತ್ತ ಕೂರುವುದು ಮರಿಗೆ ಮಾಡುವ ಅನ್ಯಾಯ. ಎಲ್ಲಿ ಅಗೆಯಬೇಕು, ಎಷ್ಟು ಬೊಗಳಿದರೆ ಸಾಕು, ಯಾವುದನ್ನು ಅಟ್ಟಬಾರದು ಎಂದು ಹೇಳಿಕೊಡಬಹುದು. ನಾವು ಮಾಡಿದ್ದೆಲ್ಲ ಇಷ್ಟೇ.

ಅರೇಬಿಕಾ ಹಣ್ಣಾಗುತ್ತಿದ್ದ ನವೆಂಬರಿನಲ್ಲಿ ಮೈಸೂರಿಗೆ ಹೋಗಿ ಮರಿ ತಂದೆವು. ನಾಯಿಗಳನ್ನು ಬೆಳೆಸಿ ಮಾರುವವರಿಗಾಗಿ 2017ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎರಡನ್ನೂ ಕೇಳಿ ಖಚಿತಪಡಿಸಿಕೊಂಡೆವು. ತಾಯಿಯನ್ನು ನೋಡದೆ ಮರಿ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಾಯಿ ಹೊಸಬರನ್ನು ಕಂಡು ಮೂಲೆ ಸೇರಿದರೆ ಮರಿಗಳೂ ಅದನ್ನೇ ಕಲಿತಿರುತ್ತವೆ. ಈ ತಾಯಿ ಬಾಲ ಆಡಿಸುತ್ತ ಬಂದು ನನ್ನ ಚಪ್ಪಲಿ ಮೂಸಿ, ಮತ್ತೆ ಹೋಗಿ ಮರಿಗಳ ಪಕ್ಕ ಮಲಗಿತು. ಬಿಳಿ ಬಣ್ಣ ಹೆಚ್ಚಿರುವ ನಾಯಿಗಳಲ್ಲಿ ಹುಟ್ಟು ಕಿವುಡುತನ ಇರುವುದುಂಟು. ಅದಕ್ಕಾಗಿ ಮರಿಗಳು ಆಡುತ್ತಿರುವಾಗ ಅವುಗಳ ಬೆನ್ನ ಹಿಂದೆ ಬೀಗದ ಕೈ ಗೊಂಚಲು ಬೀಳಿಸಿ ನೋಡಿದೆ. ಎಲ್ಲಕ್ಕಿಂತ ಮೊದಲು ತಿರುಗಿ, ಬೀಗದ ಕೈಯನ್ನು ಬಾಯಿಗೆ ಹಾಕಿಕೊಳ್ಳಲು ಓಡಿ ಬಂದವಳನ್ನೇ ಆರಿಸಿದೆವು. ಹಣೆಯ ನಡುವೆ ಕಂದು ಬಣ್ಣದ ಗುಂಡು ಮಚ್ಚೆ ಇತ್ತು. ಮಗಳು ದಾರಿಯಲ್ಲೇ ‘ಬೊಟ್ಟು’ ಎಂದು ಹೆಸರಿಟ್ಟಳು.

ಮೊದಲ ರಾತ್ರಿಗಳ ಅಳುವಿಗೆ ನಾವು ಸಿದ್ಧರಿದ್ದೆವು. ತಾಯಿಯ ಮೈಗೆ ಉಜ್ಜಿ ತಂದ ಬಟ್ಟೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿ, ಪೆಟ್ಟಿಗೆಯನ್ನು ನಮ್ಮ ಮಂಚದ ಪಕ್ಕದಲ್ಲೇ ಇಟ್ಟುಕೊಂಡೆವು. ಕುಂಯ್‌ಗುಟ್ಟಿದರೆ ಕೈ ಇಳಿಬಿಟ್ಟರೆ ಸಾಕು, ಬೆರಳು ಮೂಸಿ ಮಲಗುತ್ತಿದ್ದಳು. ಅತ್ತು ಅತ್ತು ತಾನೇ ಸುಮ್ಮನಾಗಲಿ ಎಂದು ಹೊರಗಿನ ಕೊಟ್ಟಿಗೆಯಲ್ಲಿ ಬಿಡುವ ಪದ್ಧತಿ ನಮ್ಮ ಕಡೆ ಇದೆ. ಎಂಟು ವಾರದ ಮರಿಗೆ ಅದರಿಂದ ಕತ್ತಲೆಯ ಭಯ ಬಿಟ್ಟರೆ ಬೇರೇನೂ ಬರುವುದಿಲ್ಲ. ಇಲ್ಲಿ ಚಿರತೆಯ ಕಾಟವೂ ಇದೆ. ತೋಟದಂಚಿನ ಮನೆಗಳಿಂದ ಚಿರತೆ ಮೊದಲು ಹೊತ್ತೊಯ್ಯುವುದು ನಾಯಿಯನ್ನೇ. ಬೊಟ್ಟು ಇಂದಿಗೂ ಮನೆಯೊಳಗೇ ಮಲಗುತ್ತಾಳೆ. ರಾತ್ರಿ ಮೂತ್ರಕ್ಕೆ ಹೊರಗೆ ಬಿಡುವಾಗಲೂ ಟಾರ್ಚ್ ಹಿಡಿದು, ಹಗ್ಗ ಕಟ್ಟಿಕೊಂಡು ಜೊತೆಗೆ ಹೋಗುತ್ತೇವೆ.

ಮೂತ್ರ, ಮಲ ಹೊರಗೆ ಮಾಡುವುದನ್ನು ಕಲಿಸುವುದಕ್ಕೆ ಗುಟ್ಟೇನಿಲ್ಲ. ಎದ್ದ ತಕ್ಷಣ, ಉಂಡ ತಕ್ಷಣ, ಆಡಿ ಮುಗಿದ ತಕ್ಷಣ ಎತ್ತಿಕೊಂಡು ಹೋಗಿ ಒಂದೇ ಜಾಗದಲ್ಲಿ ಬಿಡಬೇಕು. ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ಹಗಲಿನಲ್ಲಿ ತಡೆದುಕೊಳ್ಳಬಲ್ಲದು ಎಂಬುದು ಸ್ಥೂಲ ಲೆಕ್ಕ. ಟೆರಿಯರ್ ಆಟದಲ್ಲಿ ಮುಳುಗಿದರೆ ಆ ಲೆಕ್ಕವೂ ನಿಲ್ಲುವುದಿಲ್ಲ. ಕೆಲಸ ಮುಗಿಸಿದ ಕ್ಷಣದಲ್ಲೇ ಮೆಚ್ಚಿ, ಅಲ್ಲೇ ಒಂದು ಚೂರು ತಿಂಡಿ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ. ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಮಾಡಿದ್ದು ಕಣ್ಣಿಗೆ ಬೀಳುವ ಮೊದಲು ಕಾಲಿಗೇ ಸಿಗುತ್ತಿತ್ತು. ಒರೆಸಲು ಫಿನಾಯಿಲ್ ಬಳಸಲಿಲ್ಲ, ಅದು ಮರಿಯ ಪಾದಕ್ಕೂ ನಾಲಿಗೆಗೂ ಒಳ್ಳೆಯದಲ್ಲ. ನೀರಿಗೆ ವಿನೆಗರ್ ಬೆರೆಸಿ ವಾಸನೆ ಉಳಿಯದಂತೆ ಒರೆಸಿದೆವು. ವಾಸನೆ ಉಳಿದರೆ ಮರಿ ಅಲ್ಲಿಗೇ ಮರಳುತ್ತದೆ.

ಕೊಡಗಿನವರು ಯೋಚಿಸಲೇಬೇಕಾದ ಇನ್ನೊಂದು ವಿಷಯವಿದೆ. ನವೆಂಬರಿನಲ್ಲಿ ಅಂಗಳದ ಹುಲ್ಲಿನ ಮೇಲೆ ಕಲಿತ ಮರಿ ಜೂನ್, ಜುಲೈ ತಿಂಗಳ ಮಳೆಯಲ್ಲಿ ಏನು ಮಾಡಬೇಕು? ಬಾಗಿಲು ತೆರೆದರೆ ನೀರಿನ ಪರದೆ. ಸಣ್ಣ ನಾಯಿಗೆ ಹೊಟ್ಟೆ ನೆಲಕ್ಕೆ ಹತ್ತಿರ, ನಾಲ್ಕು ಹೆಜ್ಜೆಗೆ ಪೂರ್ತಿ ನೆನೆಯುತ್ತದೆ. ಯಾವ ನೆಲದ ಮೇಲೆ ಕಲಿತಿದೆಯೋ ಅಂಥ ನೆಲವನ್ನೇ ನಾಯಿ ಹುಡುಕುತ್ತದೆ. ಅದಕ್ಕೆ ಮೊದಲ ವಾರದಿಂದಲೇ ಸೌದೆ ಕೊಟ್ಟಿಗೆಯ ಮಾಡಿನ ಕೆಳಗೆ ಜಲ್ಲಿ ಮತ್ತು ಮರಳು ಹಾಕಿದ ಸಣ್ಣ ಜಾಗ ಮಾಡಿ, ದಿನಕ್ಕೆ ಒಂದೆರಡು ಸಲ ಅಲ್ಲಿಗೇ ಕರೆದೊಯ್ಯುತ್ತಿದ್ದೆವು. ಮಳೆಗಾಲ ಬಂದಾಗ ಆ ಜಾಗ ನಮ್ಮನ್ನು ಕಾಪಾಡಿತು.

ಲಸಿಕೆಗಳ ನಡುವಿನ ತಿಂಗಳುಗಳು ಇಕ್ಕಟ್ಟಿನವು. ಪಾರ್ವೊ, ಡಿಸ್ಟೆಂಪರ್, ಲೆಪ್ಟೊಸ್ಪೈರೋಸಿಸ್ ಮುಂತಾದವುಗಳ ಚುಚ್ಚುಮದ್ದು ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಅಷ್ಟರವರೆಗೆ ಊರ ನಾಯಿಗಳು ಓಡಾಡುವಲ್ಲಿ ಮರಿಯನ್ನು ನೆಲಕ್ಕೆ ಬಿಡುವಂತಿಲ್ಲ. ಅದೇ ಹೊತ್ತಿಗೆ, ಹೊಸದನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಅದರ ವಯಸ್ಸು ಹೆಚ್ಚುಕಡಿಮೆ ಹದಿನಾಲ್ಕನೆಯ ವಾರಕ್ಕೆ ಮುಗಿಯುತ್ತ ಬರುತ್ತದೆ. ಎರಡನ್ನೂ ಸರಿದೂಗಿಸಲು ಇರುವ ದಾರಿ ಒಂದೇ, ಎತ್ತಿಕೊಂಡು ತಿರುಗುವುದು. ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿಕೊಂಡು ಸಂತೆಗೆ, ಬಸ್ ನಿಲ್ದಾಣಕ್ಕೆ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ, ಎಲ್ಲ ಕಡೆ ಕರೆದೊಯ್ದೆವು. ಹೆಲ್ಮೆಟ್ ಹಾಕಿದವರು, ಕೊಡೆ ಬಿಚ್ಚುವವರು, ಮರದ ದಿಮ್ಮಿ ಹೊತ್ತ ಲಾರಿ, ಗಡ್ಡದ ಅಜ್ಜಂದಿರು, ಎಲ್ಲರನ್ನೂ ಎಲ್ಲವನ್ನೂ ಅವಳು ಜೋಳಿಗೆಯ ಅಂಚಿನಿಂದ ಕಂಡಳು. ನೋಡಿದ್ದಕ್ಕೆಲ್ಲ ಬೇಯಿಸಿದ ಕೋಳಿಯ ಒಂದು ಎಳೆ.

ಆದರೆ ನಮ್ಮ ಕಡೆಯ ನಾಯಿಗೆ ಎಲ್ಲಕ್ಕಿಂತ ಮುಖ್ಯವಾಗಿ ಅಭ್ಯಾಸವಾಗಬೇಕಾದ ಸದ್ದು ಕೋವಿಯದು. ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಲ್ಲಿ “ಪೊಲಿ ಪೊಲಿ ದೇವಾ” ಎಂದು ಕದಿರು ತೆಗೆಯುವಾಗ ಗುಂಡು ಹಾರುತ್ತದೆ. ಸಾವಿನ ಮನೆಯಿಂದ ಗುಂಡಿನ ಸದ್ದು ಕೇಳಿಸುತ್ತದೆ. ಇವುಗಳ ಜೊತೆಗೆ ಆನೆ ಓಡಿಸಲು ಸಿಡಿಸುವ ಪಟಾಕಿ. ಹೆದರಿದ ಸಣ್ಣ ನಾಯಿ ಯಾವ ಕಡೆಗೆ ಓಡಿ ಯಾವ ತೋಟದಲ್ಲಿ ಕಳೆದುಹೋಗುತ್ತದೋ ಹೇಳಲಾಗದು. ಬೊಟ್ಟು ಬಂದಾಗ ಹುತ್ತರಿ ಹತ್ತಿರದಲ್ಲೇ ಇತ್ತು. ಗುಂಡಿನ ಸದ್ದನ್ನು ಮೊಬೈಲಿನಲ್ಲಿ ಕೇಳಿಯೂ ಕೇಳಿಸದಷ್ಟು ಸಣ್ಣದಾಗಿ ಹಾಕಿ, ಆ ಹೊತ್ತಿಗೆ ಮಾತ್ರ ಅವಳಿಗೆ ಬಹಳ ಇಷ್ಟವಾದ ಬೇಯಿಸಿದ ಈಲಿ ಕೊಡುತ್ತಿದ್ದೆ. ಕಿವಿ ಹಿಂದಕ್ಕೆ ಮಡಚಿದರೆ, ತಿನ್ನುವುದನ್ನು ನಿಲ್ಲಿಸಿದರೆ, ಸದ್ದು ಹೆಚ್ಚಾಯಿತು ಎಂದರ್ಥ. ತಕ್ಷಣ ತಗ್ಗಿಸುತ್ತಿದ್ದೆ. ಅವಸರಕ್ಕೆ ಇಲ್ಲಿ ಜಾಗವೇ ಇಲ್ಲ. ಹುತ್ತರಿಯ ರಾತ್ರಿ ಅವಳನ್ನು ಗದ್ದೆಗೆ ಒಯ್ಯಲಿಲ್ಲ. ಮಗಳು ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ರೇಡಿಯೋ ಹಾಕಿ ಅವಳ ಜೊತೆ ಕುಳಿತಳು. ಗುಂಡು ಹಾರಿದಾಗ ಬೊಟ್ಟು ತಲೆ ಎತ್ತಿ ನೋಡಿದ್ದು ಕಿಟಕಿಯನ್ನಲ್ಲ, ಈಲಿಯ ಬಟ್ಟಲನ್ನು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೋವಿ, ಕತ್ತಿಗಳನ್ನು ಪೂಜಿಸುವ ಹಬ್ಬದ ಹೊತ್ತಿಗೆ ಜಗಲಿಯಲ್ಲೇ ನಿದ್ದೆ ಮಾಡುವಷ್ಟು ರೂಢಿಯಾಗಿತ್ತು.

ಜನವರಿಯಲ್ಲಿ ಕೊಯ್ಲು ಜೋರಾಯಿತು, ಕಣದ ತುಂಬ ಕಾಫಿ ಹಣ್ಣು. ಕಾಫಿ ಹಣ್ಣಿನ ಸಿಪ್ಪೆ ಸಿಹಿ, ಮರಿಗೆ ಅದು ಇಷ್ಟ. ಕೆಫೀನ್ ನಾಯಿಗೆ ವಿಷ ಎಂಬುದು ತೋಟದವರಲ್ಲೂ ಎಷ್ಟೋ ಜನರಿಗೆ ಹೊಸ ವಿಷಯ. ಹೆಚ್ಚಾದರೆ ಚಡಪಡಿಕೆ, ವಾಂತಿ, ಎದೆಬಡಿತದ ಏರಿಕೆ, ನಡುಕ, ಕೊನೆಗೆ ಸೆಳವು. ಮೈ ಸಣ್ಣದಾದಷ್ಟೂ ಅಪಾಯ ಬೇಗ. ಹಾಗಾಗಿ ನಾವು ‘ಕೂರು’ ಎಂಬುದಕ್ಕಿಂತ ಮೊದಲು ಕಲಿಸಿದ್ದು ‘ಬಿಡು’.

ಕಲಿಸಿದ ಬಗೆ ಹೀಗೆ. ಬಲಗೈ ಮುಷ್ಟಿಯಲ್ಲಿ ಬಿಸ್ಕತ್ತಿನ ಚೂರು ಹಿಡಿದು ಅವಳ ಮೂಗಿನ ಮುಂದೆ ಇಡುತ್ತಿದ್ದೆ. ನೆಕ್ಕುತ್ತಾಳೆ, ಹಲ್ಲು ತಾಗಿಸುತ್ತಾಳೆ, ಮುಂಗಾಲಿನಿಂದ ಕೆರೆಯುತ್ತಾಳೆ, ಒಂದು ಸಲ ಬೊಗಳುತ್ತಾಳೆ. ನಾನು ಮಾತಾಡುವುದಿಲ್ಲ, ಕೈ ಎಳೆದುಕೊಳ್ಳುವುದೂ ಇಲ್ಲ. ಒಂದು ಹಂತದಲ್ಲಿ ಬೇಸತ್ತು ಮೂಗನ್ನು ಒಂದು ಬೆರಳಿನಷ್ಟು ಹಿಂದಕ್ಕೆ ತೆಗೆಯುತ್ತಾಳೆ. ಆ ಕ್ಷಣಕ್ಕೇ “ಭೇಷ್” ಎಂದು ಎಡಗೈಯಿಂದ ಅದಕ್ಕಿಂತ ರುಚಿಯಾದ ಕೋಳಿಯ ಚೂರು. ಮುಷ್ಟಿಯೊಳಗಿನದು ಅವಳಿಗೆ ಯಾವತ್ತೂ ಸಿಗುವುದಿಲ್ಲ, ಅದರಿಂದ ಮುಖ ತಿರುಗಿಸಿದರೆ ಬೇರೆಯದು ಸಿಗುತ್ತದೆ. ಇದು ತಲೆಗೆ ಹೋದ ಮೇಲೆ ಮುಷ್ಟಿ ತೆರೆದಿಟ್ಟೆ, ಆಮೇಲೆ ಚೂರನ್ನು ನೆಲದ ಮೇಲಿಟ್ಟೆ, ಆಮೇಲೆ ‘ಬಿಡು’ ಎಂಬ ಮಾತು ಸೇರಿಸಿದೆ, ಕೊನೆಗೆ ಹಗ್ಗ ಕಟ್ಟಿ ಕಣದ ಅಂಚಿನಲ್ಲಿ ನಡೆಸಿದೆ. ನಾಲ್ಕು ಹಣ್ಣು ಬಿದ್ದಿರುವ ಜಾಗದಲ್ಲಿ ಅವಳು ನಿಂತು, ಹಣ್ಣು ನೋಡಿ, ಕತ್ತೆತ್ತಿ ನನ್ನ ಮುಖ ನೋಡಿದಳು. ಆಗ ಆದ ಸಂತೋಷ ದೊಡ್ಡದು. ಹಾಗೆಂದು ಕಣದಲ್ಲಿ ಅವಳನ್ನು ಒಂಟಿಯಾಗಿ ಬಿಡುವುದಿಲ್ಲ.

ಊಟದ ವಿಷಯದಲ್ಲಿ ಅತ್ತೆಯ ಪ್ರೀತಿಯನ್ನು ಒಪ್ಪಿಸಬೇಕಿತ್ತು. ತಾವು ತಿನ್ನುವುದರಲ್ಲಿ ಒಂದು ತುತ್ತು ನಾಯಿಗೂ ಸಲ್ಲಬೇಕು ಎಂಬ ಮನಸ್ಸು ಅವರದು. ಆದರೆ ಪಂದಿಕರಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇವೆ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಂದಿಯ ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತ ತರಬಹುದು. ಬೇಯಿಸಿದ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. “ಅತ್ತೆ, ಕೊಡುವುದನ್ನು ನೀವೇ ಕೊಡಿ, ಆದರೆ ಈ ಡಬ್ಬಿಯಿಂದ ಕೊಡಿ” ಎಂದು ಬೇಯಿಸಿದ ಸಿಹಿಕುಂಬಳ, ಕ್ಯಾರೆಟ್, ಉಪ್ಪಿಲ್ಲದ ಕೋಳಿಯ ಚೂರುಗಳ ಡಬ್ಬಿಯೊಂದನ್ನು ಅವರ ಕೈಗೆ ಕೊಟ್ಟೆ. “ಉಪ್ಪಿಲ್ಲದ್ದನ್ನು ಹೇಗಮ್ಮ ತಿನ್ನುತ್ತದೆ?” ಎಂದರು. ತಿಂದಳು. ಈಗ ಆ ಡಬ್ಬಿ ತುಂಬಿಸುವ ಕೆಲಸ ಅವರದೇ, ಬೇರೆಯವರು ಮುಟ್ಟುವಂತಿಲ್ಲ. ಮರಿ ಚಿಕ್ಕದಿದ್ದಾಗ ದಿನಕ್ಕೆ ನಾಲ್ಕು ಸಲ ಊಟ, ಮೂರು ತಿಂಗಳ ನಂತರ ಮೂರು ಸಲ, ಆರು ತಿಂಗಳಿನಿಂದ ಎರಡು ಸಲ.

ಹಲ್ಲು ಬದಲಾಗುವ ತಿಂಗಳುಗಳು ಸಾಕುಸಾಕು ಮಾಡುತ್ತವೆ. ಮರಿಗೆ 28 ಹಾಲುಹಲ್ಲು, ಒಂದೊಂದೂ ಸೂಜಿ. ಕಚ್ಚಿದಾಗ ಆಟ ಅಲ್ಲಿಗೇ ನಿಲ್ಲುತ್ತದೆ ಎಂಬ ಒಂದೇ ನಿಯಮವನ್ನು ಮನೆಯವರೆಲ್ಲ ಪಾಲಿಸಿದೆವು. ಎದ್ದು, ಬೆನ್ನು ತಿರುಗಿಸಿ, ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಸ್ವಲ್ಪ ಹೊತ್ತಿಗೆ ಮರಳಿ ಬರುವುದು. ಮೂತಿಗೆ ಹೊಡೆದರೆ ಟೆರಿಯರ್ ಅದನ್ನೂ ಆಟವೆಂದೇ ತಿಳಿದು ಇನ್ನಷ್ಟು ಜೋರಾಗಿ ಬರುತ್ತದೆ. ಸಣ್ಣ ತಳಿಗಳಲ್ಲಿ ಹಾಲುಹಲ್ಲು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿದುಕೊಳ್ಳುವುದು ಸಾಮಾನ್ಯ. ವಾರಕ್ಕೊಮ್ಮೆ ತುಟಿ ಎತ್ತಿ ನೋಡುತ್ತಿದ್ದೆ, ಅದೃಷ್ಟಕ್ಕೆ ಇವಳದು ಸರಿಯಾಗಿ ಬಿದ್ದವು. ಬಾಯಿ ತೆರೆದು ತೋರಿಸುವ, ಪಾದ ಹಿಡಿಸಿಕೊಳ್ಳುವ, ಕಿವಿ ಮಡಚಿಸಿಕೊಳ್ಳುವ ಈ ಅಭ್ಯಾಸ ಮುಂದೆ ಉಣುಗಿನ ಕಾಲದಲ್ಲಿ ಬಹಳ ನೆರವಾಯಿತು.

ಫೆಬ್ರುವರಿ, ಮಾರ್ಚ್ ತಿಂಗಳ ಹೂಮಳೆ ಬಿದ್ದು ಮಣ್ಣು ಮೆತ್ತಗಾದದ್ದೇ ತಡ, ಬೊಟ್ಟುವಿನ ನಿಜವಾದ ಕಸುಬು ಶುರುವಾಯಿತು. ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು ಘಮಘಮಿಸುತ್ತಿದ್ದರೆ ಅವಳ ಮೂಗಿಗೆ ಅದೇನೂ ಬೇಡ, ಬೇಕಾದದ್ದು ಮಣ್ಣಿನಡಿಯ ಇಲಿಯ ವಾಸನೆ. ಮೆಣಸಿನ ಬಳ್ಳಿಯ ಬುಡ ಕೆದಕಿದಳು, ನರ್ಸರಿಯ ಕಾಫಿ ಸಸಿಯ ಚೀಲಗಳನ್ನು ಉರುಳಿಸಿದಳು. ಮೇಸ್ತ್ರಿ “ಕಟ್ಟಿ ಹಾಕಿ ಅಕ್ಕ” ಎಂದರು. ಕಟ್ಟಿ ಹಾಕಿದ ಟೆರಿಯರ್ ಮೂರು ಹೊತ್ತೂ ಬೊಗಳುತ್ತದೆ, ಬಿಚ್ಚಿದಾಗ ದುಪ್ಪಟ್ಟು ಅಗೆಯುತ್ತದೆ. ನಾವು ಗೊಬ್ಬರದ ಗುಂಡಿಯ ಆಚೆ, ಸಿಲ್ವರ್ ಓಕ್ ಮರದ ಕೆಳಗೆ, ಮೂರಡಿ ಅಗಲದ ಹೊಂಡ ತೋಡಿ ಮರಳು ಬೆರೆಸಿದ ಮಣ್ಣು ತುಂಬಿದೆವು. ಅದರೊಳಗೆ ದಿನವೂ ಅವಳ ಚೆಂಡು, ಹಗ್ಗದ ಗಂಟು, ಕೆಲವೊಮ್ಮೆ ಬೇಯಿಸಿದ ಮೊಟ್ಟೆಯ ಅರ್ಧ ಹೂತಿಡುತ್ತಿದ್ದೆವು. ಬೇರೆ ಕಡೆ ಅಗೆಯತೊಡಗಿದರೆ ಬೈಗುಳವಿಲ್ಲ, ಎತ್ತಿಕೊಂಡು ಹೋಗಿ ಹೊಂಡಕ್ಕೆ ಬಿಡುವುದು. ಮುಂಗಾಲುಗಳು ಯಂತ್ರದಂತೆ ಓಡುತ್ತವೆ, ಮಣ್ಣು ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಚಿಮ್ಮುತ್ತದೆ, ಆಗಾಗ ತಲೆಯನ್ನು ಪೂರ್ತಿ ಒಳಗೆ ತೂರಿಸಿ ಉಸಿರು ಬಿಡುವ ಸದ್ದು. ಆ ಹೊತ್ತಿನಲ್ಲಿ ಅವಳನ್ನು ನೋಡಿದವರಿಗೆ ಇದು ಕೆಟ್ಟ ಚಾಳಿ ಎಂದು ಹೇಳಲು ಬಾಯಿ ಬರುವುದಿಲ್ಲ. ಬೆಳಗಿನ ಅಗೆತ ಮುಗಿದ ಮೇಲೆ ಮಧ್ಯಾಹ್ನದವರೆಗೆ ನಿದ್ದೆ, ಅನಗತ್ಯ ಬೊಗಳು ಅರ್ಧಕ್ಕರ್ಧ ಇಳಿಯಿತು.

ಕರೆದರೆ ಬರುವುದನ್ನು ಕಲಿಸುವಾಗ ಒಂದು ತೊಡಕು ಎದುರಾಯಿತು. ನಮ್ಮ ಮನೆಯಲ್ಲಿ ಅರೆಭಾಷೆ, ನೆರೆಮನೆಯಲ್ಲಿ ಕೊಡವ ತಕ್ಕ್, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ತುಳು, ಮಲಯಾಳಂ, ತಮಿಳು. ಕರೆಯುವವರು ಹಲವರು, ಕರೆಯುವ ಮಾತು ಹಲವು. ಅದಕ್ಕೆ ಸೀಟಿ ಬಳಸಿದೆವು. ಸೀಟಿ ಯಾರ ಬಾಯಲ್ಲೂ ಒಂದೇ, ತೋಟದ ಇಳಿಜಾರಿನಲ್ಲಿ ಮಾತಿಗಿಂತ ದೂರ ಹೋಗುತ್ತದೆ. ಮೊದಲು ಊಟದ ತಟ್ಟೆ ಇಡುವಾಗಲೆಲ್ಲ ಎರಡು ಸಲ ಊದುವುದು, ಆಮೇಲೆ ಕೋಣೆಯಿಂದ ಕೋಣೆಗೆ, ಆಮೇಲೆ ಅಂಗಳದಲ್ಲಿ ಉದ್ದ ಹಗ್ಗ ಕಟ್ಟಿ. ಸೀಟಿಗೆ ಬಂದಾಗ ಯಾವತ್ತೂ ಬೈಯಬಾರದು, ಸ್ನಾನಕ್ಕೋ ಔಷಧಿಗೋ ಕರೆಯಲು ಅದನ್ನು ಬಳಸಬಾರದು. ತೋಟದಲ್ಲಿ ಇದು ಪ್ರಾಣ ಉಳಿಸುವ ವಿದ್ಯೆ. ಆನೆಗೆ ಬೊಗಳಿದ ನಾಯಿ ಆನೆ ತಿರುಗಿದಾಗ ಓಡಿ ಬರುವುದು ಯಜಮಾನನ ಕಾಲಬುಡಕ್ಕೆ, ಆನೆಯೂ ಹಿಂದೆಯೇ ಬರುತ್ತದೆ. ಬೆಳಗಿನ ಜಾವ, ಸಂಜೆ ಮಬ್ಬಿನಲ್ಲಿ ತೋಟದೊಳಗೆ ಅವಳಿಗೆ ಹಗ್ಗ ಕಡ್ಡಾಯ. ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸುತ್ತೇವೆ. ಸಣ್ಣ ನಾಯಿಯ ಕತ್ತು ಜಗ್ಗಾಟಕ್ಕೆ ತಡೆಯುವುದಿಲ್ಲ.

ಅತ್ತೆಯ ನಾಟಿ ಕೋಳಿಗಳ ವಿಷಯದಲ್ಲಿ ಮಾತ್ರ ಗೆದ್ದೆವು ಎಂದು ಹೇಳಲಾರೆ. ದೂರದಿಂದ ಕೋಳಿ ಕಂಡೊಡನೆ ಅವಳು ಒಂದು ಮುಂಗಾಲು ಎತ್ತಿ ನಿಲ್ಲುತ್ತಾಳೆ, ಮಡಚಿದ ಕಿವಿಯ ತುದಿ ನಡುಗುತ್ತದೆ. ಆ ದೂರದಲ್ಲಿ, ಓಡುವ ಮೊದಲು, ನನ್ನ ಕಡೆ ತಿರುಗಿದರೆ ತಿಂಡಿ. ದೂರವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತ ಬಂದೆವು. ಈಗ ಹಗ್ಗದಲ್ಲಿದ್ದಾಗ ಕೋಳಿಗಳ ನಡುವೆ ನಡೆಯುತ್ತಾಳೆ. ಕೋಳಿ ರೆಕ್ಕೆ ಬಡಿದು ಓಡಿದರೆ ಯಾವ ಪಾಠವೂ ನೆನಪಿರುವುದಿಲ್ಲ. ಕೋಳಿ ಬಿಡುವ ಹೊತ್ತು ಬೇರೆ, ಬೊಟ್ಟುವನ್ನು ಬಿಡುವ ಹೊತ್ತು ಬೇರೆ ಎಂದು ಮಾಡಿಕೊಂಡಿದ್ದೇವೆ.

ಇಲಿ ಹಿಡಿಯುವುದು ಅವಳ ಹಕ್ಕು ಎಂದು ಒಪ್ಪಿಕೊಂಡ ಮೇಲೆ ಉಗ್ರಾಣದಲ್ಲಿ ಇಲಿಪಾಷಾಣ ಇಡುವುದನ್ನು ನಿಲ್ಲಿಸಿದೆವು. ವಿಷ ತಿಂದ ಇಲಿಯನ್ನು ತಿಂದ ನಾಯಿಗೂ ವಿಷವೇರಬಹುದು. ಈಗ ಬೋನು ಮಾತ್ರ. ಬಸವನಹುಳುವಿನ ಔಷಧಿ ಇನ್ನೂ ಅಪಾಯ. ಸೋಮವಾರಪೇಟೆ, ಶನಿವಾರಸಂತೆ ಕಡೆ ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟಕ್ಕೆ ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರೆ. ನಾಯಿ ಅದನ್ನು ತಿಂಡಿ ಎಂದೇ ತಿನ್ನುತ್ತದೆ. ನಡುಕ, ಸೆಳವು, ಮೈ ಕೆಂಡದಂಥ ಜ್ವರ, ಎಲ್ಲ ಕೆಲವೇ ಗಂಟೆಗಳಲ್ಲಿ. ನಮ್ಮಲ್ಲಿ ಕಂಡ ಹುಳುಗಳನ್ನು ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕುತ್ತೇವೆ. ಪಕ್ಕದ ತೋಟದವರಲ್ಲಿ ಗುಳಿಗೆ ಹಾಕುವ ದಿನ ಮೊದಲೇ ತಿಳಿಸಬೇಕೆಂದು ಕೇಳಿಕೊಂಡಿದ್ದೇವೆ, ಅವರು ತಪ್ಪದೆ ತಿಳಿಸುತ್ತಾರೆ. ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ದಿನವೂ ಅವಳು ಒಳಗೇ ಇರುತ್ತಾಳೆ. ಮೈಲುತುತ್ತ ಅಂಟಿದ ಪಾದವನ್ನು ನೆಕ್ಕದೆ ಬಿಡುವ ನಾಯಿಯಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬೊಟ್ಟು ಹೊಂಡಕ್ಕೆ ಹೋಗಲಿಲ್ಲ. ಅತ್ತೆಯ ಡಬ್ಬಿ ತೆರೆದ ಸದ್ದಿಗೂ ಏಳಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿತ್ತು, ಮೈ ಸುಡುತ್ತಿತ್ತು. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಪ್ಲೇಟ್‌ಲೆಟ್ ಇಳಿದಿತ್ತು, ಉಣುಗಿನಿಂದ ಬರುವ ಎರ್ಲಿಕಿಯಾ ಸೋಂಕು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಬಿಡದೆ ಕೊಡಬೇಕೆಂದರು. ಎರಡು ಮೂರು ದಿನಕ್ಕೇ ನಾಯಿ ಗೆಲುವಾಗುತ್ತದೆ, ಹಾಗೆಂದು ಮಾತ್ರೆ ನಿಲ್ಲಿಸಿದರೆ ರೋಗ ಒಳಗೇ ಉಳಿದು ಮತ್ತೆ ಏಳುತ್ತದೆ. ಒಣಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗುವುದುಂಟು, ಆದ್ದರಿಂದ ಊಟದೊಳಗೆ ಇಟ್ಟು ಕೊಟ್ಟು ಮೇಲೆ ನೀರು ಕುಡಿಸುತ್ತಿದ್ದೆವು. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಮತ್ತೆ ಹೊಂಡದಿಂದ ಮಣ್ಣು ಹಾರಿದ ಬೆಳಿಗ್ಗೆ ಯಜಮಾನರು ಪೇಪರ್ ಬಿಟ್ಟು ಹೋಗಿ ಅಲ್ಲೇ ನಿಂತುಬಿಟ್ಟರು.

ಅಂದಿನಿಂದ ದಿನವೂ ಸಂಜೆ ತಪಾಸಣೆ. ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಹಾರ್ನೆಸ್ ಕೂರುವ ಜಾಗ, ಬಾಲದ ಬುಡ. ಕಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಬೇಕು, ಸೀಮೆಎಣ್ಣೆ ಹಚ್ಚಬಾರದು, ಉರಿ ತಾಗಿಸಬಾರದು. ಉಣುಗು ತಡೆಯುವ ಮಾತ್ರೆಯನ್ನು ವೈದ್ಯರು ತೂಕ ನೋಡಿಯೇ ಕೊಡುತ್ತಾರೆ. ದನದ ಮೈಗೆ ಹಾಕುವ ಉಣುಗಿನ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೂ ಸುರಿಯುವವರಿದ್ದಾರೆ. ಆರು ಕಿಲೋದ ಪ್ರಾಣಿಗೆ ಅದು ಜೀವಕ್ಕೇ ಎರವಾಗಬಹುದು, ದಯವಿಟ್ಟು ಮಾಡಬೇಡಿ.

ಜೂನ್ ಬಂತು, ಜಿಗಣೆ ಬಂತು. ನಾವು ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು, ಸುಣ್ಣ ನಾಯಿಗೆ ಆಗದು. ನೆಕ್ಕಿದರೆ ನಿಕೋಟಿನ್ ಹೊಟ್ಟೆಗೆ ಹೋಗುತ್ತದೆ. ಜಿಗಣೆಯನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ತೆಗೆಯುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಅದು ಸ್ರವಿಸುವ ರಸ ಉಳಿದಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಮೂಗಿನಿಂದ ರಕ್ತ ಬಂದರೆ, ಸೀನು ನಿಲ್ಲದಿದ್ದರೆ, ಜಿಗಣೆ ಮೂಗಿನೊಳಗೆ ಸೇರಿರಬಹುದು, ಆಗ ವೈದ್ಯರ ಬಳಿಗೇ ಹೋಗಬೇಕು. ನಿಂತ ನೀರು ಕುಡಿಯಲು ಬಿಡುವುದಿಲ್ಲ. ಇಲಿಯ ಮೂತ್ರ ಬೆರೆತ ಮಳೆನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಇಲಿ ಹಿಡಿಯುವ ನಾಯಿಗೆ ಈ ಲಸಿಕೆಯನ್ನು ವರ್ಷವರ್ಷವೂ ತಪ್ಪಿಸುವಂತಿಲ್ಲ. ಹೊರಗಿನಿಂದ ಬಂದೊಡನೆ ಹಳೆಯ ಟವೆಲಿನಿಂದ ಹೊಟ್ಟೆ, ಬೆರಳ ಸಂದು, ಕಿವಿ ಒರೆಸಿ ಒಲೆಯ ಪಕ್ಕ ಕೂರಿಸುತ್ತೇವೆ. ಮಳೆಯಲ್ಲಿ ಅಗೆಯಲಾಗದ ದಿನಗಳಿಗೆ ಹಳೆಯ ಸೀರೆಯ ತುಂಡುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ನಡುವೆ ತಿಂಡಿ ಅಡಗಿಸಿಡುತ್ತಾಳೆ ಮಗಳು. ಮೂಗಿಗೆ ಕೆಲಸ ಸಿಕ್ಕರೆ ಮೈಗೂ ದಣಿವಾಗುತ್ತದೆ.

ಜುಲೈ ಮಳೆಯ ನಡುವೆಯೇ ಅವಳಿಗೆ ಮೊದಲ ಸಲ ಬೆದೆ ಬಂತು. ಲೈನ್ ಮನೆಗಳ ಗಂಡು ನಾಯಿಗಳೆಲ್ಲ ನಮ್ಮ ಜಗಲಿಯ ಕೆಳಗೆ ಬಂದು ಕುಳಿತವು, ಮೂರು ವಾರ ಬಾಗಿಲು ಕಾಯುವುದೇ ಕೆಲಸವಾಯಿತು. ತನಗಿಂತ ಬಹಳ ದೊಡ್ಡ ನಾಯಿಯಿಂದ ಗರ್ಭ ನಿಂತರೆ ಇಷ್ಟು ಸಣ್ಣ ಮೈಗೆ ಹೆರಿಗೆಯೇ ಕಷ್ಟ. ಬೆದೆ ಮುಗಿದು ಎರಡು ಮೂರು ತಿಂಗಳು ಕಳೆದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದು, ಮಳೆ ಹಿಂದೆ ಸರಿದಿದ್ದರೆ ಗಾಯವೂ ಒಣಗಿರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಅಕ್ಟೋಬರಿಗೆ ದಿನ ಗೊತ್ತಾಗಿದೆ. ಹೊಲಿಗೆ ಮಾಯುವವರೆಗೆ ಓಟ, ಜಿಗಿತ, ಅಗೆತ ಯಾವುದೂ ಕೂಡದು. ಹೊಂಡದ ಮೇಲೆ ಮುಚ್ಚಲು ಯಜಮಾನರು ಹಲಗೆ ಕೊಯ್ಸಿಟ್ಟಿದ್ದಾರೆ. ಕೊಯ್ಲು ಶುರುವಾಗುವ ಮೊದಲು ಕಣದ ಸುತ್ತ ಎರಡಡಿ ಎತ್ತರದ ಜಾಲರಿ ಬೇಲಿಯೂ ಆಗಬೇಕು, ಬುಡವನ್ನು ಅರ್ಧ ಅಡಿ ಮಣ್ಣಿನೊಳಗೆ ಹೂತು.